ಹಿತ್ತಲ ಬೇಲಿಯಡಿ ನಾಯಿ ಗುಂಡಿ ತೋಡುತ್ತಿದೆಯೇ? ಗೋವಾದ ಮನೆಗಳಿಗೆ ಒಂದು ಮಾರ್ಗದರ್ಶಿ

ಗೋವಾದಲ್ಲಿ ನೆಲೆಸಿರುವ ಕನ್ನಡದ ಓದುಗರು ನಾಯಿಗಳ ಬಗ್ಗೆ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ವಾಸ್ಕೋ, ಪೊಂಡಾ, ಮಾಪುಸಾ, ಮಡಗಾಂವ್, ಊರು ಯಾವುದಾದರೂ ದೂರು ಒಂದೇ. "ಬೆಳಿಗ್ಗೆ ಎದ್ದು ನೋಡಿದ್ರೆ ಬೇಲಿ ಕೆಳಗೆ ಗುಂಡಿ, ನಾಯಿ ರಸ್ತೆಯಲ್ಲಿ. ಮುಚ್ಚಿದ್ರೆ ಪಕ್ಕದಲ್ಲೇ ಇನ್ನೊಂದು ತೋಡುತ್ತೆ. ಏನು ಮಾಡೋದು?" ಮಳೆಗಾಲ ಶುರುವಾದ ಮೇಲಂತೂ ಈ ಪ್ರಶ್ನೆ ಇನ್ನೂ ಜಾಸ್ತಿ. ಅದಕ್ಕೆ ಕಾರಣವೂ ಇದೆ. ಇಲ್ಲಿಯ ಕೆಂಪು ಜಂಬಿಟ್ಟಿಗೆ ನೆಲ ಮೇ ತಿಂಗಳಲ್ಲಿ ಹಾರೆಗೂ ಬಗ್ಗುವುದಿಲ್ಲ. ಜೂನ್ ಮಳೆಗೆ ಮೇಲಿನ ಮಣ್ಣು ನೆನೆದರೆ ಉಗುರಿಗೇ ಕಿತ್ತು ಬರುತ್ತದೆ.

ಎರಡು ವಿಷಯ ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇವುಗಳ ವಿವರ. ಒಂದು, ಬೇಲಿ ಆಳಕ್ಕೆ ಇಳಿಯಬೇಕಾಗಿಲ್ಲ, ಅದರ ಬುಡಕ್ಕೆ ಕಟ್ಟಿದ ತಂತಿ ಜಾಲರಿ ಒಳಗಡೆ ನೆಲದ ಮೇಲೆ ಚಾಚಿಕೊಂಡರೆ ಸಾಕು. ನಾಯಿ ಬೇಲಿಯ ಬುಡಕ್ಕೇ ಮೂಗು ಹಚ್ಚಿ ಅಲ್ಲೇ ತೋಡುತ್ತದೆ. ಎರಡು ಅಡಿ ಹಿಂದೆ ಸರಿದು ಅಲ್ಲಿಂದ ಸುರಂಗ ಕೊರೆಯುವ ನಾಯಿ ತೀರಾ ಅಪರೂಪ. ಎರಡು, ನಾಯಿ ಯಾಕೆ ತೋಡುತ್ತಿದೆ ಎಂದು ತಿಳಿಯದೆ ಬೇಲಿಯನ್ನಷ್ಟೇ ಗಟ್ಟಿ ಮಾಡಿದರೆ, ಅದು ಗೇಟಿನ ಕೆಳಗೋ ಗೋಡೆಯ ಮೇಲೋ ಬೇರೆ ದಾರಿ ಹುಡುಕುತ್ತದೆ. ಎರಡೂ ಕೆಲಸ ಜೊತೆಜೊತೆಗೆ ಆಗಬೇಕು.

ಇವತ್ತು ರಾತ್ರಿಗೆ ಏನು ಮಾಡಬೇಕು

ನಾಯಿ ಈಗಾಗಲೇ ಹೊರಗೆ ಹೋಗಿ ಬರುತ್ತಿದ್ದರೆ, ಪೂರ್ತಿ ಕೆಲಸ ಮುಗಿಯುವ ತನಕ ಅದನ್ನು ಹಿತ್ತಲಲ್ಲಿ ಒಂಟಿಯಾಗಿ ಬಿಡಬೇಡಿ. ರಾತ್ರಿ ಮನೆಯೊಳಗೆ ಅಥವಾ ಮುಚ್ಚಿದ ಪಡಸಾಲೆಯಲ್ಲಿ ಮಲಗಿಸಿ. ಗುಂಡಿಗೆ ಮಣ್ಣು ತುಂಬಿ, ಮೇಲೆ ಒಂದು ಜಂಬಿಟ್ಟಿಗೆ ಕಲ್ಲು ಅಡ್ಡ ಇಡಿ. ಇಲ್ಲಿಯ ಮೇಸ್ತ್ರಿಗಳು ಚಿರೆ ಅನ್ನುತ್ತಾರಲ್ಲ, ಅದೇ ಕಲ್ಲು. ಒಂದೊಂದೂ ಒಳ್ಳೆ ಭಾರ ಇರುತ್ತದೆ, ಒಬ್ಬರೇ ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ.

ಗುಂಡಿಗೆ ಕೈ ಹಾಕುವ ಮುಂಚೆ ಕೋಲಿನಿಂದ ಕೆದಕಿ ನೋಡಿ. ಮಳೆಗಾಲದಲ್ಲಿ ಬೇಲಿ ಬುಡದ ಬಿಲ, ಸಂದುಗಳಲ್ಲಿ ಹಾವು ಸೇರಿಕೊಳ್ಳುವುದುಂಟು. ನಾಗರಹಾವು, ಕೊಳಕುಮಂಡಲ, ಕಟ್ಟುಹಾವು, ಎಲ್ಲವೂ ಗೋವಾದಲ್ಲಿವೆ. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಸರಪಳಿ ಹಾಕಿ ಕಟ್ಟಿಬಿಡೋಣ ಎಂದು ಹಲವರು ಕೇಳುತ್ತಾರೆ. ಅರ್ಧ ಗಂಟೆ ನಿಮ್ಮ ಕಣ್ಣೆದುರಿಗೆ ಕಟ್ಟಿದರೆ ಸರಿ. ಹಗಲೆಲ್ಲ ಕಟ್ಟಿ ಹಾಕುವುದು ಬೇಡ. ಚಿಕ್ಕ ಅಥವಾ ಭಾರವಾದ ಸರಪಳಿಯಲ್ಲಿ ತುಂಬಾ ಹೊತ್ತು ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಕಟ್ಟಿದ ನಾಯಿಗೆ ಹೊರಗೆ ಹೋಗುವ ಹಂಬಲ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ.

1. ಗುಂಡಿ ನೋಡಿ ಕಾರಣ ತಿಳಿಯಿರಿ

ಸಲಿಕೆ ಹಿಡಿಯುವ ಮುಂಚೆ ಎರಡು ಮೂರು ದಿನ ಗಮನಿಸಿ. ಗುಂಡಿ ಎಲ್ಲಿದೆ, ಯಾವ ಹೊತ್ತಿಗೆ ಬಿತ್ತು, ಆಗ ಮನೆಯಲ್ಲಿ ಯಾರಿದ್ದರು, ಇಷ್ಟನ್ನು ಬರೆದಿಡಿ.

ಮಣ್ಣು ಯಾವ ಕಡೆ ಬಿದ್ದಿದೆ ನೋಡಿ. ನಾಯಿ ಮುಂಗಾಲಿನಿಂದ ಕೆರೆದು, ಮಣ್ಣನ್ನು ಹೊಟ್ಟೆಯಡಿಯಿಂದ ಹಿಂಗಾಲುಗಳ ನಡುವೆ ಹಿಂದಕ್ಕೆ ಎರಚುತ್ತದೆ. ಹಾಗಾಗಿ ಮಣ್ಣು ನಿಮ್ಮ ಹಿತ್ತಲ ಕಡೆ ಬೀಸಣಿಗೆಯಾಗಿ ಹರಡಿದ್ದರೆ ತೋಡಿದ್ದು ನಿಮ್ಮ ನಾಯಿ. ಬೇಲಿಯ ಆಚೆ ಹರಡಿದ್ದರೆ ಹೊರಗಿನ ನಾಯಿ ಒಳಗೆ ಬರುತ್ತಿದೆ. ನಿಮ್ಮದು ಹೆಣ್ಣು ನಾಯಿಯಾಗಿದ್ದರೆ ಅದು ಬೆದೆಗೆ ಬಂದಿದೆಯೇ ಎಂದು ಮೊದಲು ನೋಡಿ. ಇನ್ನು ಗುಂಡಿಯ ಬಾಯಿ ದುಂಡಗೆ, ಮುಷ್ಟಿಯಗಲ ಇದ್ದು, ಬಾಯಿಯ ಹತ್ತಿರ ಸಡಿಲ ಮಣ್ಣಿನ ಗುಡ್ಡೆ ಬಿದ್ದಿದ್ದರೆ ಅದು ಹೆಗ್ಗಣದ ಬಿಲ. ಆ ಬಿಲವನ್ನೇ ನಾಯಿ ಅಗಲ ಮಾಡಿರಬಹುದು. ಹಾಗಾಗಿದ್ದರೆ ಒಂದು ಬದಿಯಲ್ಲಿ ನುಣುಪಾದ ಬಿಲದ ಗೋಡೆ, ಇನ್ನೊಂದು ಬದಿಯಲ್ಲಿ ಉದ್ದುದ್ದ ಉಗುರಿನ ಗೆರೆ, ಎರಡೂ ಕಾಣುತ್ತವೆ.

ಜಾಗವೂ ಸುಳಿವು ಕೊಡುತ್ತದೆ. ಗೇಟಿನ ಹತ್ತಿರ, ನೀವು ಹೊರಟ ಮೇಲೆ ತೋಡಿದರೆ ಅದಕ್ಕೆ ಒಂಟಿತನ ಅಥವಾ ಬೇಸರ. ನೆರಳಿನಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಮಧ್ಯಾಹ್ನದ ಹೊತ್ತು ತೋಡಿ ಅಲ್ಲೇ ಮಲಗಿದರೆ ಸೆಕೆ. ಬೇಲಿಯುದ್ದಕ್ಕೂ ಅಲ್ಲಲ್ಲಿ ಚಿಕ್ಕ ಚಿಕ್ಕ ಗುಂಡಿಗಳಿದ್ದರೆ ಬೇಟೆ. ಒಂದೇ ರಾತ್ರಿಯಲ್ಲಿ ಹುಚ್ಚೆದ್ದು ತೋಡಿದ ಒಂದೇ ದೊಡ್ಡ ಗುಂಡಿ, ಉಗುರಿನಲ್ಲಿ ರಕ್ತ, ಹಿಂದಿನ ರಾತ್ರಿ ಪಟಾಕಿ ಅಥವಾ ಗುಡುಗು: ಇದು ಭಯ.

2. ಕಾರಣಕ್ಕೆ ತಕ್ಕ ಹಾಗೆ ಕೈ ಹಾಕಿ

*ಹೆಗ್ಗಣ.* ಗೋವಾದ ಹಿತ್ತಲುಗಳಲ್ಲಿ ನಾನು ಮೊದಲು ಅನುಮಾನ ಪಡುವುದು ಇದನ್ನೇ. ತೆಂಗಿನ ಸಿಪ್ಪೆ ರಾಶಿ, ಸೌದೆ ಒಟ್ಟು, ಬೇಲಿಗೆ ಒರಗಿಸಿದ ಹಳೆ ಹಂಚು, ರಾತ್ರಿ ಹೊರಗೆ ಬಿಟ್ಟ ನಾಯಿಯ ಅನ್ನದ ತಟ್ಟೆ: ಇಷ್ಟಿದ್ದರೆ ಹೆಗ್ಗಣಕ್ಕೆ ಬೇರೇನೂ ಬೇಡ. ರಾಶಿಗಳನ್ನು ಬೇಲಿಯಿಂದ ದೂರ ಸರಿಸಿ. ಊಟ ಮುಗಿದ ಕೂಡಲೇ ತಟ್ಟೆ ಎತ್ತಿಡಿ. ಬಿಲಗಳಿಗೆ ಜಲ್ಲಿ ಮತ್ತು ಮಣ್ಣು ಸೇರಿಸಿ ಗಟ್ಟಿಯಾಗಿ ಜಡಿಯಿರಿ. ಬೇಕಿದ್ದರೆ ಬೋನು ಇಡಿ.

ಇಲಿ ಪಾಷಾಣ ಮಾತ್ರ ಬೇಡವೇ ಬೇಡ. ಅಂಗಡಿಯಲ್ಲಿ ಸಿಗುವ ಬಿಸ್ಕತ್ತಿನಂಥ ಬಿಲ್ಲೆಗಳಲ್ಲಿ ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ಇರುತ್ತದೆ. ನಾಯಿ ಅದನ್ನು ತಿಂದ ದಿನ ಏನೂ ಕಾಣುವುದಿಲ್ಲ. ಕೆಲವು ದಿನ ಕಳೆದ ಮೇಲೆ ಒಸಡು ಬಿಳಿಚುತ್ತದೆ, ಮೂಗಲ್ಲಿ ಅಥವಾ ಮಲದಲ್ಲಿ ರಕ್ತ ಬರುತ್ತದೆ. ತಿಂದಿದೆ ಎಂಬ ಅನುಮಾನ ಬಂದರೂ ಸಾಕು, ಲಕ್ಷಣಕ್ಕೆ ಕಾಯದೆ ಪೊಟ್ಟಣದ ಸಮೇತ ಪಶುವೈದ್ಯರ ಹತ್ತಿರ ಓಡಿ. ಈ ಬಗೆಯ ವಿಷಕ್ಕೆ ವಿಟಮಿನ್ ಕೆ1 ಚಿಕಿತ್ಸೆ ಇದೆ, ಆದರೆ ಬೇಗ ಶುರುವಾಗಬೇಕು. ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿ ಇನ್ನೂ ಅಪಾಯ, ಅದಕ್ಕೆ ಪ್ರತ್ಯೇಕ ಮದ್ದೇ ಇಲ್ಲ.

ಹೆಗ್ಗಣ ಇರುವ ಕಡೆ ಇಲಿ ಜ್ವರದ ಭಯವೂ ಇದೆ. ಇಲಿ ಹೆಗ್ಗಣಗಳ ಮೂತ್ರ ಸೇರಿದ ನೀರು, ಕೆಸರಿನಿಂದ ಇದು ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ನಾಯಿಗೆ ಇದರ ಲಸಿಕೆ ಆಗಿದೆಯೇ ಎಂದು ಕಾರ್ಡ್ ತೆಗೆದು ನೋಡಿ. ಕೆಸರಿನಲ್ಲಿ ಕೆಲಸ ಮಾಡುವಾಗ ನೀವೂ ಗಮ್ ಬೂಟು, ಕೈಗವಸು ಹಾಕಿಕೊಳ್ಳಿ. ಕಾಲಲ್ಲಿ ಗಾಯ ಇದ್ದರಂತೂ ಬರಿಗಾಲಲ್ಲಿ ಇಳಿಯಲೇಬೇಡಿ.

*ಬೆದೆ.* ಹೆಣ್ಣು ನಾಯಿ ಸುಮಾರಾಗಿ ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಹೆಚ್ಚುಕಡಿಮೆ ಮೂರು ವಾರ ಇರುತ್ತದೆ. ಆ ವಾಸನೆ ಗಂಡು ನಾಯಿಗೆ ಬಹಳ ದೂರದಿಂದ ಸಿಗುತ್ತದೆ. ಆಗ ಅದು ಊಟ ಬಿಟ್ಟಾದರೂ ಬೇಲಿ ತೋಡುತ್ತದೆ. ಇಲ್ಲಿ ಜಾಲರಿಗಿಂತ ಸಂತಾನಹರಣ ಶಸ್ತ್ರಚಿಕಿತ್ಸೆಯೇ ನಿಜವಾದ ಪರಿಹಾರ. ಯಾವ ವಯಸ್ಸಿಗೆ ಮಾಡಿಸಬೇಕು ಎಂಬುದು ತಳಿ, ಗಾತ್ರದ ಮೇಲೆ ಹೋಗುತ್ತದೆ, ವೈದ್ಯರನ್ನು ಕೇಳಿ. ಶಸ್ತ್ರಚಿಕಿತ್ಸೆಯಾದ ಮರುದಿನವೇ ಗಂಡು ನಾಯಿ ಸುಮ್ನಾಗುತ್ತದೆ ಅಂದುಕೊಳ್ಳಬೇಡಿ. ಹಾರ್ಮೋನು ಇಳಿಯಲು ಕೆಲವು ವಾರ ಬೇಕು, ಅಷ್ಟು ದಿನ ಅದಕ್ಕೆ ಮರಿ ಹುಟ್ಟಿಸುವ ಶಕ್ತಿಯೂ ಇರಬಹುದು.

ಗಬ್ಬದ ನಾಯಿ ತೋಡುತ್ತಿದ್ದರೆ ಅದು ಮರಿ ಹಾಕಲು ಜಾಗ ಹುಡುಕುತ್ತಿದೆ. ಗೂಡಿನಂಥ ಒಣ ಜಾಗ ಮಾಡಿಕೊಡಿ. ನಾಯಿಯ ಗಬ್ಬ ಸುಮಾರು 63 ದಿನ, ಕೊನೆಯ ವಾರಗಳಲ್ಲಿ ಈ ತೋಡುವಿಕೆ ಸಹಜ.

*ಭಯ.* ಗಣೇಶ ಚೌತಿ, ಜೂನ್ 24ರ ಸಾಂವ್ ಜುಆಂವ್, ಚರ್ಚಿನ ಹಬ್ಬಗಳು, ಮದುವೆ, ಎಲ್ಲದಕ್ಕೂ ಇಲ್ಲಿ ಪಟಾಕಿ. ಎಲ್ಲಕ್ಕಿಂತ ಕಷ್ಟ ದೀಪಾವಳಿಯ ಹಿಂದಿನ ರಾತ್ರಿ. ನರಕಾಸುರನ ದೊಡ್ಡ ಬೊಂಬೆಗಳನ್ನು ಬೀದಿಬೀದಿಯಲ್ಲಿ ನಿಲ್ಲಿಸಿ, ರಾತ್ರಿಯಿಡೀ ಸ್ಪೀಕರ್ ಹಾಕಿ, ಬೆಳಗಿನ ಜಾವ ಸುಡುತ್ತಾರೆ. ಆ ರಾತ್ರಿ ಯಾವ ನಾಯಿಯನ್ನೂ ಹಿತ್ತಲಲ್ಲಿ ಬಿಡಬೇಡಿ. ಸಂಜೆ ಬೆಳಕಿರುವಾಗಲೇ ನಡೆಸಿಕೊಂಡು ಬಂದು, ಊಟ ಹಾಕಿ, ಒಳಗಿನ ಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಜೊತೆಗಿರಿ. ಹಿಂದಿನ ವರ್ಷ ತುಂಬಾ ಹೆದರಿದ ನಾಯಿಯಾಗಿದ್ದರೆ ಕೆಲವು ವಾರ ಮೊದಲೇ ವೈದ್ಯರ ಹತ್ತಿರ ಮಾತಾಡಿ, ಇದಕ್ಕೆ ಔಷಧಿಗಳಿವೆ. ಮನುಷ್ಯರ ನಿದ್ರೆ ಮಾತ್ರೆ ಕೊಡಬೇಡಿ.

*ಬೇಸರ, ಸೆಕೆ.* ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಂದು ಸುತ್ತು ನಡೆಸಿ, ಮೂಸಿ ನೋಡಲು ಬಿಡಿ. ಎಳೆದುಕೊಂಡು ಓಡಿಸುವುದಕ್ಕಿಂತ ಅದು ಮೂಸುತ್ತಾ ನಡೆಯುವುದೇ ಹೆಚ್ಚು ದಣಿಸುತ್ತದೆ. ತಟ್ಟೆಯ ಬದಲು ಒಣ ಡಾಗ್ ಫುಡ್ ಕಾಳುಗಳನ್ನು ಹುಲ್ಲಿನಲ್ಲಿ ಎರಚಿ, ಹುಡುಕಿ ತಿನ್ನಲಿ. ಹಿತ್ತಲಲ್ಲಿ ನೆರಳು, ನೆನೆಸಿದ ಗೋಣಿಚೀಲ, ಎರಡು ಕಡೆ ನೀರು ಇರಲಿ. ತೆಂಗಿನಕಾಯಿ ಸಿಪ್ಪೆಯನ್ನು ಆಟಕ್ಕೆ ಕೊಡುವವರಿದ್ದಾರೆ, ಅದು ಬೇಡ. ನಾರು ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು.

3. ಅಳತೆ ಮತ್ತು ಸಾಮಾನು

ಬೇಲಿಯ ಉದ್ದ ಅಳೆಯಿರಿ. ತೋಡಿದ ಜಾಗ ಒಂದನ್ನೇ ಮುಚ್ಚಿದರೆ ಸಾಲದು, ನಾಯಿ ಮುಟ್ಟಬಹುದಾದ ಪೂರ್ತಿ ಉದ್ದ ಬೇಕು. ಖರ್ಚು ಒಮ್ಮೆಗೇ ಆಗದಿದ್ದರೆ, ಹೆಚ್ಚು ತೋಡುವ ಬದಿಯಿಂದ ಶುರುಮಾಡಿ, ಉಳಿದ ಕಡೆ ತಾತ್ಕಾಲಿಕವಾಗಿ ಕಲ್ಲಿಡಿ.

ಬೇಕಾದದ್ದು ಇಷ್ಟು:

- ಜಿಐ ವೆಲ್ಡ್ ಮೆಶ್, ಅಂದರೆ ಸತುವಿನ ಲೇಪ ಇರುವ, ಗಂಟುಗಂಟಿನಲ್ಲಿ ಬೆಸುಗೆ ಹಾಕಿದ ಚೌಕ ಜಾಲರಿ. ಅಗಲ 3 ಅಡಿ. ಅಳೆದ ಉದ್ದಕ್ಕಿಂತ ಹತ್ತನೇ ಒಂದು ಭಾಗ ಜಾಸ್ತಿ ತನ್ನಿ.
- ಜಿಐ ಕಟ್ಟುವ ತಂತಿ.
- 8 ಎಂಎಂ ಕಬ್ಬಿಣದ ಸರಳು, ಒಂದೊಂದು ಅಡಿಗೆ ಕತ್ತರಿಸಿ, ತುದಿ ಕೊಕ್ಕೆಯಾಗಿ ಬಗ್ಗಿಸಿದ್ದು. ಸರಳು ಬಗ್ಗಿಸುವವರು ಹತ್ತೇ ನಿಮಿಷದಲ್ಲಿ ಮಾಡಿಕೊಡುತ್ತಾರೆ.
- ಕಟಿಂಗ್ ಪ್ಲೇಯರ್, ಗುದ್ದಲಿ, ಸಲಿಕೆ, ದಪ್ಪ ಕೈಗವಸು.
- ಒಂದಿಷ್ಟು ಜಂಬಿಟ್ಟಿಗೆ ತುಂಡು ಅಥವಾ ದಪ್ಪ ಜಲ್ಲಿ.

ತಂತಿಯ ದಪ್ಪವನ್ನು ಅಂಗಡಿಯಲ್ಲಿ ಗೇಜ್ ಲೆಕ್ಕದಲ್ಲಿ ಹೇಳುತ್ತಾರೆ. ಇಲ್ಲಿ ಲೆಕ್ಕ ಉಲ್ಟಾ, ಸಂಖ್ಯೆ ಚಿಕ್ಕದಾದಷ್ಟೂ ತಂತಿ ದಪ್ಪ. 12 ಗೇಜ್ ಅಂದರೆ ಸುಮಾರು 2.6 ಎಂಎಂ, 10 ಗೇಜ್ ಸುಮಾರು 3.2 ಎಂಎಂ. ಸಾಧಾರಣ ನಾಯಿಗೆ 12 ಸಾಕು, ಲ್ಯಾಬ್ರಡಾರ್ ಅಥವಾ ಜರ್ಮನ್ ಶೆಫರ್ಡ್ ಗಾತ್ರದ್ದಕ್ಕೆ 10 ತನ್ನಿ. ಕಣ್ಣಿನ ಅಳತೆ, ಅಂದರೆ ಚೌಕದ ಗಾತ್ರ, 2 ಇಂಚು. ಮರಿ ಅಥವಾ ಡ್ಯಾಷ್‌ಹಂಡ್‌ನಂಥ ಚಿಕ್ಕ ನಾಯಿಗೆ 1 ಇಂಚು. ಡ್ಯಾಷ್‌ಹಂಡ್, ಟೆರಿಯರ್‌ಗಳನ್ನು ಬಿಲದ ಬೇಟೆಗೆಂದೇ ಬೆಳೆಸಿದ್ದು, ತೋಡುವುದು ಅವುಗಳ ಹುಟ್ಟುಗುಣ. ಈ ತಳಿಯವರು ಮುಂದಿನ 6ನೇ ಹಂತವನ್ನು ಬಿಡಲೇಬಾರದು.

ಸಾಮಾನ್ಯವಾಗಿ ಜನ ಎಡವುವುದು ಇಲ್ಲೇ. ಕೋಳಿ ಜಾಲರಿ ಅಗ್ಗಕ್ಕೆ ಸಿಗುತ್ತದೆ ಎಂದು ತರುತ್ತಾರೆ. ಅದರ ತಂತಿ ತೆಳು, ಕಡಲ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ತುದಿ ಮುರಿದು ನಾಯಿಯ ಪಾದಕ್ಕೆ ಚುಚ್ಚುತ್ತದೆ. ಹಾಗೆಯೇ ಗಾರೆ ಕೆಲಸದ ಕಪ್ಪು ಬೈಂಡಿಂಗ್ ವೈರ್. ಅದಕ್ಕೆ ಸತುವಿನ ಲೇಪ ಇರುವುದಿಲ್ಲ. ಜಾಲರಿ ಎಷ್ಟೇ ಗಟ್ಟಿ ಇರಲಿ, ಒಂದೆರಡು ಮಳೆಗಾಲದಲ್ಲಿ ಗಂಟುಗಳು ಉದುರಿ ಬೇಲಿ ಮತ್ತು ಜಾಲರಿ ಬೇರೆಬೇರೆಯಾಗುತ್ತವೆ. ಕಡಲಿಗೆ ತೀರಾ ಹತ್ತಿರ ಇರುವವರು ಪ್ಲಾಸ್ಟಿಕ್ ಹೊದಿಕೆಯ ಜಿಐ ಮೆಶ್ ತಂದರೆ ಒಳ್ಳೆಯದು.

ಬಾಡಿಗೆ ಮನೆಯವರು ಮಾಲೀಕರಿಗೆ ಮೊದಲೇ ಹೇಳಿ. ಬೇಲಿ ಪಕ್ಕದ ಮನೆಯವರದ್ದೂ ಆಗಿದ್ದರೆ ಅವರಿಗೂ ಒಂದು ಮಾತು. "ಅಂಕಲ್, ನಮ್ಮ ನಾಯಿ ನಿಮ್ಮ ಕಡೆ ಬರದ ಹಾಗೆ ಒಳಗಿನಿಂದ ಜಾಲರಿ ಹಾಕುತ್ತಿದ್ದೇವೆ" ಅಂದರೆ ಬೇಡ ಅನ್ನುವವರು ಕಡಿಮೆ. ಈ ಜಾಲರಿಯನ್ನು ಮನೆ ಬಿಡುವಾಗ ಬಿಚ್ಚಿ ಒಯ್ಯಬಹುದು. ಬಾಡಿಗೆ ಮನೆಗೆ ಕಾಂಕ್ರೀಟಿಗಿಂತ ನಾನು ಇದನ್ನೇ ಹೇಳುವುದಕ್ಕೆ ಅದೂ ಒಂದು ಕಾರಣ.

4. ಜಾಲರಿ ಹಾಸುವ ಕೆಲಸ

ಮಳೆ ನಿಂತ ಮೇಲೆ, ಅಕ್ಟೋಬರ್ ನವೆಂಬರಿನಲ್ಲಿ, ಮಣ್ಣಿನಲ್ಲಿ ಇನ್ನೂ ಹಸಿ ಇರುವಾಗ ಕೆಲಸ ಸಲೀಸು. ಮೇ ತಿಂಗಳಲ್ಲೇ ಮಾಡಬೇಕಾದರೆ ಹಿಂದಿನ ಸಂಜೆ ಬೇಲಿ ಬುಡಕ್ಕೆ ಚೆನ್ನಾಗಿ ನೀರು ಬಿಡಿ.

ಮೊದಲು ಬೇಲಿಯ ಒಳಬದಿಯಲ್ಲಿ ಎರಡು ಅಡಿ ಅಗಲಕ್ಕೆ ಕಳೆ, ಕಸ, ಬೇರು ತೆಗೆದು, ಎರಡು ಮೂರು ಇಂಚು ಮೇಲ್ಮಣ್ಣನ್ನು ಬದಿಗೆ ಎಳೆದಿಡಿ. ಆಳ ಅಷ್ಟೇ ಸಾಕು. ಗುಂಡಿಗಳನ್ನು ಕಲ್ಲು ಮಣ್ಣಿನಿಂದ ತುಂಬಿ ಕುಟ್ಟಿ ಸಮ ಮಾಡಿ. ಟೊಳ್ಳು ಉಳಿದರೆ ಮುಂದಿನ ಮಳೆಗೆ ಕುಸಿಯುತ್ತದೆ.

ಆಮೇಲೆ ಜಾಲರಿಯನ್ನು ಉದ್ದಕ್ಕೆ ಬಿಚ್ಚಿ, ಒಂದು ಅಡಿ ಮೇಲೆ, ಎರಡು ಅಡಿ ಕೆಳಗೆ ಬರುವ ಹಾಗೆ ಮಡಿಸಿ. ನೆಟ್ಟಗೆ ಮಡಿಸಲು ಒಂದು ಉದ್ದ ಹಲಗೆಯನ್ನು ಮಡಿಕೆಯ ಗೆರೆಯ ಮೇಲಿಟ್ಟು, ಅದರ ಮೇಲೆ ಒಬ್ಬರು ನಿಂತು, ಇನ್ನೊಬ್ಬರು ಜಾಲರಿಯನ್ನು ಮೇಲಕ್ಕೆ ಎತ್ತಿದರೆ ಆಯಿತು. ಒಂದು ಅಡಿಯ ಭಾಗ ಬೇಲಿಗೆ ಒರಗುತ್ತದೆ, ಎರಡು ಅಡಿಯ ಭಾಗ ನಿಮ್ಮ ಹಿತ್ತಲ ಕಡೆ ನೆಲದ ಮೇಲೆ ಮಲಗುತ್ತದೆ. ದಿಕ್ಕು ತಪ್ಪಬೇಡಿ. ಒಳಗಿನ ನಾಯಿಯನ್ನು ತಡೆಯಲು ಒಳಬದಿ, ಹೊರಗಿನ ನಾಯಿಯನ್ನು ತಡೆಯಲು ಹೊರಬದಿ. ಎರಡೂ ಇದ್ದರೆ ಎರಡು ಕಡೆಯೂ ಬೇಕು.

ಕಟ್ಟುವುದನ್ನು ಅವಸರದಲ್ಲಿ ಮಾಡಬೇಡಿ. ಗೇಣುದ್ದದ ತಂತಿ ಕತ್ತರಿಸಿ, ಎರಡಾಗಿ ಮಡಿಸಿ, ಬೇಲಿಯ ತಂತಿ ಮತ್ತು ಜಾಲರಿಯ ತಂತಿ ಎರಡನ್ನೂ ಸುತ್ತಿಸಿ ತನ್ನಿ. ಪ್ಲೇಯರಿನಿಂದ ಹಿಡಿದು, ಮೊದಲು ನಿಮ್ಮ ಕಡೆಗೆ ಎಳೆದು, ಎಳೆದ ಬಿಗಿಯಲ್ಲೇ ತಿರುವಿ. ಎರಡು ಮೂರು ಸುತ್ತು ಸಾಕು, ಜಾಸ್ತಿ ತಿರುವಿದರೆ ತಂತಿ ಕತ್ತರಿಸಿಹೋಗುತ್ತದೆ. ಉಳಿದ ತುದಿಯನ್ನು ಅರ್ಧ ಇಂಚಿಗೆ ಕತ್ತರಿಸಿ ಬೇಲಿಯ ಆಚೆಗೆ ಬಗ್ಗಿಸಿ. ನಾಯಿ ಮೂಗು ಉಜ್ಜುವುದು ಇದೇ ಎತ್ತರದಲ್ಲಿ, ಆದ್ದರಿಂದ ತುದಿ ಒಳಗೆ ಚಾಚಿರಬಾರದು. ಕೈಯಿಂದ ಸವರಿ ನೋಡಿ, ನಿಮ್ಮ ಬೆರಳಿಗೆ ಚುಚ್ಚಿದರೆ ಅದಕ್ಕೂ ಚುಚ್ಚುತ್ತದೆ. ಇಂಥ ಗಂಟು ಪ್ರತಿ ಆರು ಇಂಚಿಗೆ ಒಂದು. ಎರಡು ಜಾಲರಿ ಸೇರುವ ಕಡೆ ಆರು ಇಂಚು ಒಂದರ ಮೇಲೊಂದು ಬರಲಿ, ಅಲ್ಲಿ ಗಂಟುಗಳು ಇನ್ನೂ ಹತ್ತಿರ ಇರಲಿ.

ಕಾಂಪೌಂಡ್ ಕೆಳಗೆ ಜಂಬಿಟ್ಟಿಗೆ ಗೋಡೆ, ಮೇಲೆ ಮಾತ್ರ ತಂತಿ ಇರುವ ಮನೆಗಳಲ್ಲಿ ಕಟ್ಟಲು ಕೆಳಗೆ ತಂತಿ ಇರುವುದಿಲ್ಲ. ಅಂಥಲ್ಲಿ ಮೇಲಿನ ಒಂದು ಅಡಿಯನ್ನು ಗೋಡೆಗೆ ಡ್ರಿಲ್ ಮಾಡಿ, ಪ್ಲಗ್ ಹಾಕಿ, ಅಗಲ ವಾಷರ್ ಇಟ್ಟು ಸ್ಕ್ರೂ ಹೊಡೆಯಿರಿ. ಹಳೆ ಜಂಬಿಟ್ಟಿಗೆ ಪುಡಿಪುಡಿ ಉದುರುತ್ತಿದ್ದರೆ ಸ್ಕ್ರೂ ಹಿಡಿಯುವುದಿಲ್ಲ, ಕಲ್ಲುಗಳ ನಡುವಿನ ಸಿಮೆಂಟಿಗೆ ಹೊಡೆಯಿರಿ.

ಮಲಗಿದ ಭಾಗವನ್ನು ಕೊಕ್ಕೆ ಸರಳುಗಳಿಂದ ಒಂದೂವರೆ, ಎರಡು ಅಡಿಗೊಂದರಂತೆ ನೆಲಕ್ಕೆ ಹೊಡೆಯಿರಿ, ಕೊಕ್ಕೆ ಜಾಲರಿಯನ್ನು ಕಚ್ಚಿ ಹಿಡಿಯಲಿ. ಒಳಗಿನ ಅಂಚು ಎದ್ದು ನಿಲ್ಲದಂತೆ ಅಲ್ಲಿ ಜಾಸ್ತಿ ಹೊಡೆಯಿರಿ. ಕೆಳಗೆ ಗಟ್ಟಿ ಬಂಡೆ ಸಿಕ್ಕು ಸರಳು ಇಳಿಯದಿದ್ದರೆ ಕಲ್ಲಿನ ತುಂಡುಗಳನ್ನು ಹೇರಿ. ಕೊನೆಗೆ ತೆಗೆದಿಟ್ಟ ಮಣ್ಣು, ಜಲ್ಲಿ ಮುಚ್ಚಿ. ಜಾಲರಿ ಕಾಣಬಾರದು, ಕಂಡರೆ ಅದರ ಚೌಕಗಳಿಗೆ ನಾಯಿಯ ಉಗುರು ಸಿಕ್ಕಿ ಕಿತ್ತು ಬರಬಹುದು.

ಮಣ್ಣು ನಿಲ್ಲಲು ಮೇಲೆ ಗರಿಕೆ ಹಚ್ಚಿ. ಇಳಿಜಾರಿನ ಹಿತ್ತಲಾದರೆ ಬೇಲಿಯುದ್ದಕ್ಕೂ ಲಾವಂಚ ನೆಡಿ, ಅದರ ಬೇರು ಆಳಕ್ಕಿಳಿದು ಮಣ್ಣನ್ನು ಹಿಡಿಯುತ್ತದೆ. ಕಣಗಿಲೆ, ಹರಳು, ಕಾಡುಹರಳು ಬೇಲಿಗೆ ಚೆನ್ನಾಗಿ ಬರುತ್ತವೆ ನಿಜ, ಆದರೆ ಮೂರೂ ನಾಯಿಗೆ ವಿಷ. ಬೇಲಿ ಪಕ್ಕ ತೆಂಗಿನ ಮರ ಇದ್ದರೆ ಬೇರು ಕಡಿಯಬೇಡಿ, ಜಾಲರಿಯನ್ನು ಬುಡದ ಸುತ್ತ ಕತ್ತರಿಸಿ ಹೊಂದಿಸಿ.

ಪುಣೆಯಲ್ಲಿರುವ ಓದುಗರಿಗೆ ಒಂದು ಮಾತು. ಕಪ್ಪು ಮಣ್ಣಿನ ಜಾಗವಾದರೆ ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಕುಗ್ಗುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ಬೇಲಿಯ ಬುಡದಲ್ಲಿ ತಾನಾಗೇ ಸಂದು ಬೀಳುತ್ತದೆ, ತೆಳು ಕಾಂಕ್ರೀಟ್ ಪಟ್ಟಿ ಸೀಳುತ್ತದೆ. ನೆಲದ ಜೊತೆ ಏರಿಳಿಯುವ ಜಾಲರಿಯೇ ಅಲ್ಲಿಗೂ ಸರಿ.

5. ಗೇಟು, ಮೂಲೆ, ನೀರು ಹೋಗುವ ದಾರಿ

ಬೇಲಿ ಮುಗಿದ ಮೇಲೆ ನಾಯಿ ಹೋಗುವುದು ಗೇಟಿನ ಹತ್ತಿರಕ್ಕೆ. ಗೇಟು ತೆರೆಯಬೇಕಾದ್ದರಿಂದ ಅಲ್ಲಿ ಜಾಲರಿ ಏಳಿಸಿ ಕಟ್ಟಲಾಗದು. ಗೇಟಿನ ಅಗಲಕ್ಕೆ ಒಂದು ಅಡಿ ಆಳ, ಒಂಬತ್ತು ಇಂಚು ಅಗಲದ ಕಾಂಕ್ರೀಟ್ ಪಟ್ಟಿ ಹಾಕಿಸಿ, ಅಥವಾ ಜಂಬಿಟ್ಟಿಗೆ ಕಲ್ಲುಗಳನ್ನು ಸಾಲಾಗಿ ನೆಲಕ್ಕೆ ಸಮನಾಗಿ ಹೂಳಿಸಿ. ಗೇಟಿಗೂ ನೆಲಕ್ಕೂ ನಡುವೆ ಎರಡು ಇಂಚಿಗಿಂತ ಹೆಚ್ಚು ಸಂದು ಬೇಡ.

ಕಾಂಕ್ರೀಟ್ ಹಾಕುವಾಗ ನೀರಿನ ದಾರಿ ಮರೆಯಬೇಡಿ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೇಲಿಯುದ್ದಕ್ಕೂ ತೂತಿಲ್ಲದ ಕಟ್ಟೆ ಕಟ್ಟಿದರೆ ಹಿತ್ತಲು ಕೆರೆಯಾಗುತ್ತದೆ, ಒತ್ತಡಕ್ಕೆ ಕಟ್ಟೆಯೂ ವಾಲುತ್ತದೆ. ನೀರು ಹೋಗುವ ಕಿಂಡಿ ಬಿಟ್ಟು, ಕಿಂಡಿಗೆ ಕಬ್ಬಿಣದ ಸರಳಿನ ಜಾಲಿ ಕೂರಿಸಿ. ಎಲೆ ಕಟ್ಟಿಕೊಳ್ಳದಂತೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆಯುತ್ತಿರಿ.

ಮೂಲೆಗಳಲ್ಲಿ ಎರಡೂ ಕಡೆಯ ಜಾಲರಿ ಒಂದರ ಮೇಲೊಂದು ಬರಲೇಬೇಕು.

6. ತೋಡಲು ಅದಕ್ಕೇ ಒಂದು ಜಾಗ ಕೊಡಿ

ತೋಡುವುದೇ ಖುಷಿ ಎನ್ನುವ ನಾಯಿಗೆ ಬೇಡ ಬೇಡ ಅಂದರೆ ಸಾಲದು, ಇಲ್ಲಿ ತೋಡು ಅಂತಲೂ ಹೇಳಬೇಕು. ನೆರಳಿರುವ, ಬೇಲಿಯಿಂದ ದೂರದ ಮೂಲೆಯಲ್ಲಿ ಮೂರು ಅಡಿ ಅಗಲ, ಐದು ಅಡಿ ಉದ್ದ, ಒಂದು ಅಡಿ ಆಳ ಗುಂಡಿ ಮಾಡಿ, ಸುತ್ತ ಕಲ್ಲು ಇಟ್ಟು, ಸಡಿಲ ಮಣ್ಣು ಮತ್ತು ಮರಳು ಬೆರೆಸಿ ತುಂಬಿ. ಮರಳು ಅಂಗಡಿಯಿಂದಲೇ ತನ್ನಿ. ಬೀಚಿನಿಂದ ಮರಳು ತೆಗೆಯುವುದು ಕಾನೂನಿಗೆ ವಿರುದ್ಧ, ಉಪ್ಪು ಮರಳು ನಾಯಿಯ ಹೊಟ್ಟೆಗೂ ಒಳ್ಳೆಯದಲ್ಲ.

ಮೊದಮೊದಲು ಅದರ ಇಷ್ಟದ ತಿಂಡಿಯನ್ನು ಅದರೆದುರೇ ಮೇಲುಮೇಲೆ ಹೂಳಿ. ತೋಡಿ ತೆಗೆದಾಗ ಹೊಗಳಿ. ದಿನ ಕಳೆದಂತೆ ಸ್ವಲ್ಪ ಆಳಕ್ಕೆ, ಅದು ನೋಡದಿರುವಾಗ ಹೂಳಿ. ತಿಂಡಿ ಇಡುವುದನ್ನು ಬೇಗ ನಿಲ್ಲಿಸಿದರೆ ನಾಯಿ ಬೇಲಿಗೇ ವಾಪಸ್ ಹೋಗುತ್ತದೆ. ರಾತ್ರಿ ಗುಂಡಿಯನ್ನು ತಾರ್ಪಾಲಿನಿಂದ ಮುಚ್ಚಿ, ಇಲ್ಲದಿದ್ದರೆ ಊರಿನ ಬೆಕ್ಕುಗಳೆಲ್ಲ ಅಲ್ಲೇ ಮಲ ವಿಸರ್ಜನೆ ಮಾಡುತ್ತವೆ.

7. ಕಲಿಸುವುದು

ಬೇಲಿ ಹತ್ತಿರ ತೋಡುತ್ತಿರುವುದು ಕಣ್ಣಿಗೆ ಬಿದ್ದರೆ ಹೆಸರು ಹಿಡಿದು ಕರೆಯಿರಿ. ಬಂದರೆ ತಿಂಡಿ ಕೊಟ್ಟು, ತೋಡುವ ಗುಂಡಿಯ ಹತ್ತಿರ ಕರೆದೊಯ್ಯಿರಿ. ಕೂಗಾಡಬೇಡಿ. ಬೇಸರದಿಂದ ತೋಡುವ ನಾಯಿಗೆ ನಿಮ್ಮ ಕೂಗಾಟವೂ ಒಂದು ಆಟ.

ಕೆಲಸದಿಂದ ಬಂದು ಹಳೆ ಗುಂಡಿ ನೋಡಿ ಬೈಯುವುದು, ಹೊಡೆಯುವುದು, ಗುಂಡಿಗೆ ಮೂಗು ತಿಕ್ಕುವುದು, ಇವುಗಳಿಂದ ಯಾವ ಉಪಯೋಗವೂ ಇಲ್ಲ. ಎರಡು ಗಂಟೆ ಹಿಂದೆ ಮಾಡಿದ್ದಕ್ಕೆ ಈಗ ಏಟು ಎಂದು ಅದಕ್ಕೆ ತಿಳಿಯುವುದಿಲ್ಲ. ನೀವು ಮನೆಗೆ ಬಂದರೆ ಏಟು ಬೀಳುತ್ತದೆ ಎಂಬುದಷ್ಟೇ ತಿಳಿಯುತ್ತದೆ. ಆಗ ಗೇಟಿನ ಸದ್ದಿಗೇ ಅದು ಓಡುವ ದಾರಿ ಹುಡುಕುತ್ತದೆ.

ನೀವು ಹೊರಟ ಕೂಡಲೇ ಒಂದೇ ಸಮನೆ ಕೂಗಿ, ಜೊಲ್ಲು ಸುರಿಸಿ, ಉಗುರು ಕಿತ್ತುಹೋಗುವ ತನಕ ತೋಡಿದರೆ ಅದು ತುಂಟತನ ಅಲ್ಲ, ಒಂಟಿತನದ ಕಾಯಿಲೆ. ಅದಕ್ಕೆ ಪಶುವೈದ್ಯರ ಸಹಾಯ ಬೇಕು. ಜಾಲರಿ ಹಾಕಿ ಸುಮ್ಮನಾದರೆ ಹಲ್ಲು ಮುರಿದುಕೊಳ್ಳುತ್ತದೆ.

ಮಾಡಲೇಬಾರದ ಕೆಲಸಗಳು

ಖಾರದ ಪುಡಿ ಎರಚಬೇಡಿ, ಮೂಗು ಕಣ್ಣು ಉರಿದು ನರಳುತ್ತದೆ, ಒಂದು ಮಳೆಗೆ ತೊಳೆದೂ ಹೋಗುತ್ತದೆ. ನುಸಿ ಗುಳಿಗೆ ಮತ್ತು ಫಿನಾಯಿಲ್ ಎರಡೂ ನಾಯಿಗೆ ವಿಷ. ಗಾಜಿನ ಚೂರು, ಮುಳ್ಳುತಂತಿ, ಜಾಲಿ ಮುಳ್ಳನ್ನು ಗುಂಡಿಯಲ್ಲಿ ಹೂಳಿದರೆ ಪಾದ ಸೀಳಿ, ಕಣ್ಣು ಹೋಗಬಹುದು. ಪಕ್ಕದ ಮನೆಯ ಮಕ್ಕಳೂ ಅಲ್ಲೇ ಚೆಂಡು ಹುಡುಕುತ್ತಾರೆ. ಮನೆಯ ಕರೆಂಟನ್ನು ಬೇಲಿಗೆ ಕೊಡುವ ಯೋಚನೆ ಬಂದರೆ ಅಲ್ಲೇ ಬಿಡಿ. ಮಳೆಯಲ್ಲಿ ಒದ್ದೆ ನೆಲದ ಮೇಲೆ ನಿಂತ ಯಾರದ್ದಾದರೂ ಪ್ರಾಣ ಹೋಗುತ್ತದೆ, ನಿಮ್ಮ ಮೇಲೆ ಕೇಸೂ ಬೀಳುತ್ತದೆ.

8. ಆಮೇಲೆ ನೋಡಿಕೊಳ್ಳುವುದು

ಮೊದಲ ಕೆಲವು ದಿನ ನಾಯಿ ಹಳೆ ಜಾಗಕ್ಕೆ ಹೋಗಿ ಕೆರೆಯುತ್ತದೆ. ಉಗುರಿಗೆ ತಂತಿ ತಾಗಿ ಬಿಡುತ್ತದೆ. ದಿನಾ ಸಂಜೆ ಒಂದು ಸುತ್ತು ಬಂದು ಮಣ್ಣು ಸರಿದ ಕಡೆ ಮುಚ್ಚಿ. ಪಾದ, ಉಗುರು ನೋಡಿ, ಜೊತೆಗೆ ಬೆರಳುಗಳ ಸಂದಿಯಲ್ಲಿ ಉಣ್ಣೆಯೂ ಇದೆಯೇ ಪರೀಕ್ಷಿಸಿ.

ಜೂನ್ ಮೊದಲ ಮಳೆಯ ಮುಂಚೆ ಒಮ್ಮೆ, ಚೌತಿಯ ಹೊತ್ತಿಗೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಎಲ್ಲ ಗಂಟುಗಳನ್ನೂ ಎಳೆದು ನೋಡಿ. ತುಕ್ಕು ಹಿಡಿದದ್ದನ್ನು ಬದಲಿಸಿ. ಜೋರು ಮಳೆ ಬಂದ ಮರುದಿನ ಬೇಲಿಯ ಬುಡದಲ್ಲಿ ಮಣ್ಣು ಕೊಚ್ಚಿಹೋಗಿದೆಯೇ ನೋಡಿ, ಇಳಿಜಾರಿನ ಕೆಳ ಮೂಲೆಯಲ್ಲಿ ಮೊದಲು ಹೋಗುತ್ತದೆ.

ಎಷ್ಟೇ ಮಾಡಿದರೂ ಒಂದು ದಿನ ಹೊರಗೆ ಹೋಗಬಹುದು ಎಂದೇ ಸಿದ್ಧರಾಗಿರಿ. ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಇರಲಿ. ಪಟ್ಟಿ ತೀರಾ ಸಡಿಲ ಇದ್ದರೆ ಬೇಲಿಯಡಿ ನುಸುಳುವಾಗ ತಂತಿಗೆ ಸಿಕ್ಕಿ ಉರುಳಾಗುತ್ತದೆ, ಎರಡು ಬೆರಳು ತೂರುವಷ್ಟು ಮಾತ್ರ ಬಿಡಿ. ರೇಬೀಸ್ ಲಸಿಕೆ ವರ್ಷ ತಪ್ಪಬಾರದು. 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶ ಎಂದು ಘೋಷಿಸಿದ್ದಾರೆ ನಿಜ, ಅದು ಸಾಧ್ಯವಾದದ್ದೇ ವರ್ಷವರ್ಷವೂ ನಾಯಿಗಳಿಗೆ ಲಸಿಕೆ ಹಾಕುತ್ತಾ ಬಂದದ್ದರಿಂದ.

ಕೆಳಗಿನ ದಾರಿ ಮುಚ್ಚಿದ ಮೇಲೆ ಕೆಲವು ನಾಯಿಗಳು ಮೇಲೆ ನೋಡಲು ಶುರುಮಾಡುತ್ತವೆ. ಬೇಲಿಗೆ ತಾಗಿ ಉಳಿದ ಕಲ್ಲಿನ ರಾಶಿ, ಡ್ರಮ್ಮು, ಮುರಿದ ಕುರ್ಚಿ ಇದ್ದರೆ ಮೆಟ್ಟಿಲಾಗುತ್ತವೆ. ಕೆಲಸ ಮುಗಿದ ಸಂಜೆಯೇ ಅವನ್ನೆಲ್ಲ ಬೇಲಿಯಿಂದ ಆರು ಅಡಿ ಈಚೆಗೆ ಎಳೆದಿಡಿ.